ನಿಮ್ಮ ಕಡೆ ಎಷ್ಟಿತ್ತು?

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ನಕ್ಷೆಗಳು ಇಲ್ಲಿಲ್ಲ. ಅದಕ್ಕೇ ಕೆಲವು ಕಡೆ ಮಾತನ್ನು ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕೆಲಸದ ಮೇಲೆ ಟೋಕಿಯೊಗೆ ಹೋಗಿ ಎರಡು ವಾರ ಆಗಿತ್ತು. ಮಧ್ಯಾಹ್ನ ಊಟ ಮುಗಿಸಿ ಆಫೀಸಿನಲ್ಲಿ ಕೂತಿದ್ದೆ. ಮೇಜಿನ ಮೇಲಿದ್ದ ಲೋಟದ ನೀರು ಮೊದಲು ನಡುಗಿತು. ಆಮೇಲೆ ಕುರ್ಚಿ. ನಾನು ದಡಕ್ಕನೆ ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ಪಕ್ಕದವನು ಕಂಪ್ಯೂಟರಿನಿಂದ ಕಣ್ಣು ಕೀಳದೆ "ಮೂರು" ಅಂದ. ಎದುರಿಗಿದ್ದ ಹಿರಿಯರು "ಇಲ್ಲ, ಎರಡು" ಅಂದರು. ಸ್ವಲ್ಪ ಹೊತ್ತಿಗೆ ಫೋನಿಗೆ ಸುದ್ದಿ ಬಂತು. ಎರಡು. ಹಿರಿಯರು ಏನೂ ಹೇಳದೆ ಚಹಾ ಕುಡಿದರು. ನಾನು ಮಾತ್ರ ಇನ್ನೂ ನಿಂತೇ ಇದ್ದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ನೆಲ ನಡುಗಿದರೆ ಕೇಳುವ ಪ್ರಶ್ನೆ "ಭೂಕಂಪ ಆಯ್ತಂತೆ, ಹೌದಾ?" ಜಪಾನಿನಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಆಗಿದೆ ಅನ್ನುವುದು ಎಲ್ಲರಿಗೂ ಗೊತ್ತು. ಅವರು ಕೇಳುವುದು "ನಿಮ್ಮ ಕಡೆ ಎಷ್ಟಿತ್ತು?" ಈ ಎರಡು ಪ್ರಶ್ನೆಗಳಿಗೆ ಇರುವ ಅಂತರವೇ ಇವತ್ತಿನ ನನ್ನ ಮಾತು.

ಮೊದಲು ಒಂದು ಶಬ್ದದ ತಕರಾರು. ನಮ್ಮ ಪತ್ರಿಕೆಗಳಲ್ಲಿ "ರಿಕ್ಟರ್ ಮಾಪಕದಲ್ಲಿ 6.2 ತೀವ್ರತೆಯ ಭೂಕಂಪ" ಅಂತ ಬರೆಯುತ್ತಾರೆ. ಓದಿ ಓದಿ ನಮಗೂ ಅದೇ ಬಾಯಿಗೆ ಬಂದುಬಿಟ್ಟಿದೆ. ಆದರೆ ಆ 6.2 ತೀವ್ರತೆ ಅಲ್ಲ, ಮ್ಯಾಗ್ನಿಟ್ಯೂಡ್. ಅಂದರೆ ನೆಲದೊಳಗೆ ಬಂಡೆ ಸರಿದ ಜಾಗದಲ್ಲಿ ಒಟ್ಟು ಎಷ್ಟು ಶಕ್ತಿ ಹೊರಬಂತು ಅನ್ನುವ ಲೆಕ್ಕ. ಒಂದು ಭೂಕಂಪಕ್ಕೆ ಒಂದೇ ಮ್ಯಾಗ್ನಿಟ್ಯೂಡ್. ತೀವ್ರತೆ ಹಾಗಲ್ಲ. ಅದು ಜಾಗಕ್ಕೊಂದು ಇರುತ್ತದೆ.

ಜಾತ್ರೆಯಲ್ಲಿ ಡೊಳ್ಳು ಬಡಿಯುತ್ತಾರೆ ಅಂತಿಟ್ಟುಕೊಳ್ಳಿ. ಬಡಿಯುವವನ ಕೈಬಲ ಒಂದೇ. ಆದರೆ ಗುಡಿ ಮುಂದೆ ನಿಂತವನ ಎದೆ ಅದುರುತ್ತದೆ. ಊರಾಚೆ ಮನೆಯವರಿಗೆ ಮೆಲ್ಲಗೆ ಕೇಳುತ್ತದೆ. ನಡುವೆ ಗುಡ್ಡ ಇದ್ದರೆ ಇನ್ನೂ ಕಮ್ಮಿ. ಕೈಬಲ ಮ್ಯಾಗ್ನಿಟ್ಯೂಡ್, ನಿಮ್ಮ ಮನೆಗೆ ಕೇಳಿದ ಸದ್ದು ತೀವ್ರತೆ. ಜಪಾನಿನವರು ಇದಕ್ಕೆ "ಶಿಂದೋ" ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಮೂರೋ ಎರಡೋ ಅಂತ ಪಂದ್ಯ ನಡೆದದ್ದು ಇದರ ಮೇಲೆ.

ಶಿಂದೋ ಸೊನ್ನೆಯಿಂದ ಏಳರವರೆಗೆ. ಐದು ಮತ್ತು ಆರನ್ನು "ಕೆಳ", "ಮೇಲು" ಅಂತ ಎರಡೆರಡು ಮಾಡಿದ್ದಾರೆ. ಒಟ್ಟು ಹತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ವಿವರಣೆ ಇದೆ. ಓದಿದರೆ ಮನೆಯೊಳಗೆ ನಡೆದ ಹಾಗೇ ಇರುತ್ತದೆ. ಒಂದು ಅಂದರೆ ಮನೆಯಲ್ಲಿ ಸುಮ್ನೆ ಕೂತವರಲ್ಲಿ ಕೆಲವರಿಗೆ ಮಾತ್ರ ಗೊತ್ತಾಗುತ್ತದೆ. ಎರಡರಲ್ಲಿ ತೂಗುಹಾಕಿದ ದೀಪ ಸ್ವಲ್ಪ ಅಲುಗುತ್ತದೆ. ಮೂರರಲ್ಲಿ ಕಪಾಟಿನ ತಟ್ಟೆ ಲೋಟ ಸದ್ದು ಮಾಡುತ್ತವೆ. ನಾಲ್ಕಕ್ಕೆ ಹೆಚ್ಚಿನವರು ಬೆಚ್ಚುತ್ತಾರೆ, ಸರಿಯಾಗಿ ಕೂರಿಸದ ಬೊಂಬೆಗಳು ಬೀಳುತ್ತವೆ. ಕೆಳ ಐದರಲ್ಲಿ ಏನನ್ನಾದರೂ ಹಿಡಿದುಕೊಳ್ಳೋಣ ಅನ್ನಿಸುತ್ತದೆ. ಮೇಲು ಐದರಲ್ಲಿ ಹಿಡಿದುಕೊಳ್ಳದೆ ನಡೆಯುವುದು ಕಷ್ಟ. ಕೆಳ ಆರರಲ್ಲಿ ನಿಲ್ಲುವುದು ಕಷ್ಟ. ಮೇಲು ಆರಕ್ಕೆ ತೆವಳಬೇಕು. ಏಳರಲ್ಲಿ ನೆಲವೇ ನಿಮ್ಮನ್ನು ಎತ್ತಿ ಎಸೆಯುತ್ತದೆ.

ಮೊದಲು ಏಳು ಇರಲೇ ಇಲ್ಲ. 1948ರಲ್ಲಿ ಫುಕುಯಿಯಲ್ಲಿ ಭೂಕಂಪ ಆಯಿತು. ಕೆಲವು ಹಳ್ಳಿಗಳಲ್ಲಿ ಹೆಚ್ಚುಕಮ್ಮಿ ಒಂದು ಮನೆಯೂ ನಿಲ್ಲಲಿಲ್ಲ. ಇದಕ್ಕೆ ಆರು ಅಂದರೆ ಸಾಲದು ಅಂತ ಮರುವರ್ಷ ಏಳನ್ನು ಸೇರಿಸಿದರು. ಮಾಪಕ ಬೆಳೆದದ್ದೇ ಪೆಟ್ಟು ತಿಂದು.

ಈಗ ಈ ಸಂಖ್ಯೆ ಯಾರು ಹೇಳುತ್ತಾರೆ? ಈ ಭಾಗ ನನಗೆ ಬಹಳ ಇಷ್ಟ. 1880ರ ಫೆಬ್ರವರಿಯಲ್ಲಿ ಯೊಕೊಹಾಮದಲ್ಲಿ ಒಂದು ಭೂಕಂಪ ಆಯಿತು. ಅದರ ಬೆನ್ನಿಗೇ ಅಲ್ಲಿ ಭೂಕಂಪ ಅಧ್ಯಯನದ ಸಂಘ ಹುಟ್ಟಿತು, ಜಗತ್ತಿನಲ್ಲೇ ಮೊದಲನೆಯದು. ಅದರ ಹಿಂದೆ ಇದ್ದವರಲ್ಲಿ ಮುಖ್ಯರು ಜಾನ್ ಮಿಲ್ನ್ ಎಂಬ ಇಂಗ್ಲಿಷ್ ಗಣಿ ಎಂಜಿನಿಯರ್. ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದರು. ಎಲ್ಲೆಲ್ಲಿ ನೆಲ ನಡುಗಿತು ಅಂತ ತಿಳಿಯಲು ಮಿಲ್ನ್ ಮಾಡಿದ್ದು ಏನು ಗೊತ್ತಾ? ಸುತ್ತಲಿನ ಊರುಗಳಿಗೆ ಪೋಸ್ಟ್ ಕಾರ್ಡಿನ ಕಟ್ಟು ಕಳಿಸಿದರು. ವಾರಕ್ಕೊಂದು ಕಾರ್ಡ್ ವಾಪಸ್ ಹಾಕಿ, ಈ ವಾರ ಎಷ್ಟು ಸಲ ನಡುಗಿತು ಅಂತ ಬರೆಯಿರಿ, ಅಷ್ಟೇ. ಕಾರ್ಡು ಬಂದ ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋದರು.

1884ರಲ್ಲಿ ಸರ್ಕಾರವೇ ನಾಲ್ಕು ಮೆಟ್ಟಿಲಿನ ಅಳತೆ ಮಾಡಿತು. ಅಲ್ಲಿಂದ 1996ರವರೆಗೆ, ನೂರಕ್ಕೂ ಹೆಚ್ಚು ವರ್ಷ, ಶಿಂದೋ ಹೇಳಿದ್ದು ಮನುಷ್ಯರ ಮೈ. ಹವಾಮಾನ ಕೇಂದ್ರದಲ್ಲಿ ರಾತ್ರಿ ಪಾಳಿಯ ಸಿಬ್ಬಂದಿ ಇರುತ್ತಿದ್ದರು. ನೆಲ ನಡುಗಿದರೆ ಮೈಗೆ ಅನ್ನಿಸಿದ್ದನ್ನು, ಕೋಣೆಯಲ್ಲಿ ಕಂಡಿದ್ದನ್ನು ಸೇರಿಸಿ ಒಂದು ಸಂಖ್ಯೆ ಹೇಳಬೇಕು. ನಮ್ಮ ಆಫೀಸಿನ ಹಿರಿಯರು ಮಾಡಿದ್ದನ್ನೇ ಅವರು ಸಂಬಳ ತಗೊಂಡು ಮಾಡುತ್ತಿದ್ದರು. 1996ರಿಂದ ಆ ಕೆಲಸ ಪೂರ್ತಿ ಯಂತ್ರಕ್ಕೆ ಹೋಯಿತು. ಈಗ ದೇಶದಲ್ಲಿ ಸುಮಾರು 4,400 ಕಡೆ ಶಿಂದೋ ಅಳೆಯುವ ಯಂತ್ರಗಳಿವೆ. ಬಹಳಷ್ಟು ಇರುವುದು ಪುರಸಭೆ, ಪಂಚಾಯಿತಿ ಕಚೇರಿಯಂಥ ಕಟ್ಟಡಗಳ ಆವರಣದಲ್ಲಿ. ಸಣ್ಣ ಪೆಟ್ಟಿಗೆ. ಪಕ್ಕದಲ್ಲೇ ಸೈಕಲ್ ನಿಲ್ಲಿಸಿ ಹೋಗುವವರಿಗೆ ಅದೇನು ಅಂತ ಗೊತ್ತಿರುವುದಿಲ್ಲ.

ಇಷ್ಟು ತಿಳಿದ ಮೇಲೆ ಲೆಕ್ಕಕ್ಕೆ ಬರೋಣ. ಜಪಾನಿನಲ್ಲಿ ಜನರ ಅನುಭವಕ್ಕೆ ಬರುವ ಭೂಕಂಪ ವರ್ಷಕ್ಕೆ ಎಷ್ಟು? ಸಾಧಾರಣ ವರ್ಷದಲ್ಲಿ ಎರಡು ಸಾವಿರದ ಆಸುಪಾಸು. ಅಬ್ಬಾ, ದಿನಕ್ಕೆ ಐದಾರು! ಹೇಗೆ ಬದುಕುತ್ತಾರೆ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ಎರಡು ಸಾವಿರ ಯಾರಿಗೂ ಪೂರ್ತಿಯಾಗಿ ಅನುಭವಕ್ಕೆ ಬಂದದ್ದಲ್ಲ. 4,400 ಯಂತ್ರಗಳಲ್ಲಿ ಯಾವುದೋ ಒಂದು "ಒಂದು" ಅಂದರೂ ಲೆಕ್ಕಕ್ಕೆ ಸೇರುತ್ತದೆ. ಅರ್ಧಕ್ಕಿಂತ ಜಾಸ್ತಿ ಅಂಥವೇ, ಅತಿ ಹೆಚ್ಚು ಅಂದರೆ ಶಿಂದೋ ಒಂದಕ್ಕೆ ಮುಗಿಯುವಂಥವು. ಒಬ್ಬ ಮನುಷ್ಯನ ಪಾಲಿಗೆ ಬರುವುದು ವರ್ಷಕ್ಕೆ ಕೆಲವೇ ಕೆಲವು. ಅದರಲ್ಲೂ ಅರ್ಧ ನಿದ್ದೆಯಲ್ಲೋ, ಬಸ್ಸಿನಲ್ಲೋ ಕಳೆದುಹೋಗುತ್ತವೆ.

ಇನ್ನೊಂದು ತಮಾಷೆ ನೋಡಿ. ಯಂತ್ರ ಜಾಸ್ತಿ ಇಟ್ಟರೆ ಭೂಕಂಪವೂ ಜಾಸ್ತಿ ಆಗುತ್ತದೆ! ಹಿಂದೆ ಹವಾಮಾನ ಕೇಂದ್ರ ಇಲ್ಲದ ಕಣಿವೆಯಲ್ಲಿ ನೆಲ ಮೆಲ್ಲಗೆ ನಡುಗಿದರೆ ಅದು ಪಟ್ಟಿಗೇ ಬರುತ್ತಿರಲಿಲ್ಲ. ಈಗ ಅಲ್ಲೂ ಒಂದು ಪೆಟ್ಟಿಗೆ ಕೂತಿದೆ. ಹಾಗಾಗಿ 1980ರ ಸಂಖ್ಯೆಯನ್ನೂ 2020ರ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು "ನೋಡಿ, ಭೂಮಿ ಕೆರಳಿದೆ" ಅನ್ನುವ ವಾಟ್ಸಾಪ್ ಚಿತ್ರ ಬಂದರೆ ನಂಬಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಇಂಥದ್ದರಲ್ಲಿ ಎಡವಿದ್ದಾರೆ. ಜನ ಹೇಳಿದ ಭೂಕಂಪಗಳ ಪಟ್ಟಿ ಮಾಡಿ ನೋಡಿದರೆ ಹಗಲಿಗಿಂತ ರಾತ್ರಿ ಜಾಸ್ತಿ ಕಂಡಿತು. ಚಂದ್ರ ಕಾರಣವೋ, ರಾತ್ರಿಯ ತಂಪು ಕಾರಣವೋ ಅಂತ ವಾದ ನಡೆಯಿತು. ಯಂತ್ರದ ದಾಖಲೆ ಬಂದ ಮೇಲೆ ಆ ವ್ಯತ್ಯಾಸ ಮಾಯ. ರಾತ್ರಿ ಜನ ಸುಮ್ನೆ ಮಲಗಿರುತ್ತಾರೆ, ಬೆನ್ನು ನೆಲಕ್ಕೆ ತಾಗಿರುತ್ತದೆ. ಗೊತ್ತಾಗುತ್ತದೆ. ಹಗಲು ಗಾಡಿ ಎಳೆಯುವವನಿಗೆ ಏನು ಗೊತ್ತಾಗುತ್ತದೆ, ಹೇಳಿ.

ಹಾಗಾದರೆ ನಿಜವಾದ ವಿನ್ಯಾಸ ಏನೂ ಇಲ್ಲವೇ? ಇದೆ. ಎರಡು ಇವೆ, ಎರಡೂ ಗಟ್ಟಿ.

ಒಂದು, ಗಾತ್ರದ್ದು. ಮ್ಯಾಗ್ನಿಟ್ಯೂಡ್ ಒಂದು ಇಳಿದರೆ ಸಂಖ್ಯೆ ಸುಮಾರು ಹತ್ತು ಪಟ್ಟು ಏರುತ್ತದೆ. ಜಪಾನಿನಲ್ಲಿ ವರ್ಷಕ್ಕೆ ಆರರ ಮೇಲಿನವು ಹತ್ತಿಪ್ಪತ್ತು, ಐದರವು ನೂರರ ಮೇಲೆ, ನಾಲ್ಕರವು ಸಾವಿರದ ಹತ್ತಿರ. ಇದನ್ನು ಕೇಳಿದವರು ತಕ್ಷಣ ಒಂದು ಸಮಾಧಾನ ಹೇಳಿಕೊಳ್ಳುತ್ತಾರೆ: ಸಣ್ಣ ಸಣ್ಣದು ಆಗುತ್ತಾ ಇದ್ದರೆ ಒತ್ತಡ ಇಳಿದು ದೊಡ್ಡದು ತಪ್ಪುತ್ತದೆ, ಅಲ್ವಾ? ಇಲ್ಲ. ಮ್ಯಾಗ್ನಿಟ್ಯೂಡ್ ಒಂದು ಏರಿದರೆ ಶಕ್ತಿ 32 ಪಟ್ಟು. ಏಳರ ಒಂದು ಭೂಕಂಪದ ಶಕ್ತಿ ಖಾಲಿಯಾಗಲು ಐದರವು ಸಾವಿರ ಆಗಬೇಕು. ಸಾಲ ಸಾವಿರ ರೂಪಾಯಿ, ಕಟ್ಟುತ್ತಿರುವುದು ಚಿಲ್ಲರೆ.

ಎರಡನೆಯದು ಕಾಲದ್ದು. 1891ರ ಅಕ್ಟೋಬರ್ 28ರಂದು ಗಿಫು ಕಡೆ ಭಾರಿ ಭೂಕಂಪ ಆಯಿತು. ಮ್ಯಾಗ್ನಿಟ್ಯೂಡ್ ಎಂಟರಷ್ಟು. ಒಂದು ಜಾಗದಲ್ಲಂತೂ ನೆಲ ಸೀಳಿ ಒಂದು ಪಕ್ಕ ಆರು ಮೀಟರಿನಷ್ಟು ಮೇಲೆದ್ದಿತು. ಆಗ ಫುಸಾಕಿಚಿ ಒಮೊರಿ ಅನ್ನುವ ಹುಡುಗ ಇನ್ನೂ ಇಪ್ಪತ್ತಮೂರರ ಆಸುಪಾಸಿನವನು. ನಂತರ ದಿನದಿನವೂ ಬಂದ ಸಣ್ಣ ಕಂಪನಗಳ ಲೆಕ್ಕ ತೆಗೆದುಕೊಂಡು ಕೂತ. 1894ರಲ್ಲಿ ಅವನು ಹೇಳಿದ ನಿಯಮ ಇವತ್ತಿಗೂ ನಿಂತಿದೆ. ಕಂಪನಗಳು ಕಾಲಕ್ಕೆ ವಿಲೋಮವಾಗಿ ಕಮ್ಮಿಯಾಗುತ್ತವೆ. ಮೊದಲ ದಿನ ನೂರು ಅಂತಿಟ್ಟುಕೊಳ್ಳಿ. ಹತ್ತನೇ ದಿನ ಹತ್ತು. ನೂರನೇ ದಿನ ಒಂದು. ಮೊದಮೊದಲು ಬೇಗ ಇಳಿಯುತ್ತದೆ, ಆಮೇಲೆ ಇಳಿದೂ ಇಳಿದೂ ಮುಗಿಯುವುದೇ ಇಲ್ಲ. ನಮ್ಮ ಕಡೆ ಮದುವೆ ಮನೆಯ ನೆಂಟರು ಹೊರಡುವ ಹಾಗೆ. ಗಿಫು ಸುತ್ತ ಆ ಬಾಲ ನೂರು ವರ್ಷದ ನಂತರವೂ ಲೆಕ್ಕಕ್ಕೆ ಸಿಗುತ್ತಿತ್ತು.

2011ರ ಅಂಕಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಮಾರ್ಚ್ 11ರ ಮಧ್ಯಾಹ್ನ 2:46ಕ್ಕೆ ಮ್ಯಾಗ್ನಿಟ್ಯೂಡ್ 9ರ ಭೂಕಂಪ. ಆ ವರ್ಷ ಅನುಭವಕ್ಕೆ ಬಂದವು ಹತ್ತು ಸಾವಿರದ ಹತ್ತಿರ. ಮರುವರ್ಷ ಮೂರು ಸಾವಿರ ಚಿಲ್ಲರೆ. 2015ರ ಹೊತ್ತಿಗೆ ಎರಡು ಸಾವಿರದ ಒಳಗೆ ಬಂತು.

ಒಮೊರಿಯ ಹೆಸರಿನಲ್ಲಿ ಇನ್ನೊಂದು ಸಣ್ಣ ಸೂತ್ರ ಇದೆ. ನನಗೆ ದಿನಬಳಕೆಗೆ ಬಂದದ್ದು ಅದೇ. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಪಿ ಅಲೆ ವೇಗದ್ದು, ಸಣ್ಣಗೆ ಕುಟ್ಟುತ್ತದೆ. ಎಸ್ ಅಲೆ ನಿಧಾನ, ಬಂದರೆ ತೂಗಾಡಿಸುತ್ತದೆ. ಜಪಾನೀಯರು ಮೊದಲನೆಯದಕ್ಕೆ "ಕತಕತ" ಅನ್ನುತ್ತಾರೆ, ಎರಡನೆಯದಕ್ಕೆ "ಯುಸಯುಸ". ನಮಗೂ ಗಡಗಡ, ತಟತಟ ಇರುವುದರಿಂದ ನನಗೆ ಇದು ಬೇಗ ಹತ್ತಿತು. ಕತಕತ ಶುರುವಾದಾಗ ಎಣಿಸಲು ಶುರು ಮಾಡಿ. ಯುಸಯುಸ ಬರುವವರೆಗೆ ಎಷ್ಟು ಸೆಕೆಂಡು? ಅದನ್ನು ಎಂಟರಿಂದ ಗುಣಿಸಿದರೆ ಭೂಕಂಪ ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. ಮಿಂಚು ಕಂಡು ಗುಡುಗಿಗೆ ಎಣಿಸುತ್ತೇವಲ್ಲ, ಅದೇ.

ಟೋಕಿಯೊದಲ್ಲಿ ನನ್ನ ಎಣಿಕೆ ಒಂಬತ್ತು ಹತ್ತಕ್ಕೆ ನಿಲ್ಲುವುದು ಜಾಸ್ತಿ. ಅಂದರೆ ಎಪ್ಪತ್ತು ಎಂಬತ್ತು ಕಿಲೋಮೀಟರ್. "ಇಬರಾಕಿ ದಕ್ಷಿಣ ಇರಬೇಕು" ಅಂತ ಜೊತೆಯವರು ಹೇಳುತ್ತಿದ್ದರು, ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ಅಲ್ಲಿ ನೆಲದಡಿ ಒಂದರ ಕೆಳಗೆ ಒಂದು ಭೂಫಲಕಗಳು ಜಾರುತ್ತವೆ. ಪೆಸಿಫಿಕ್ ಫಲಕ ವರ್ಷಕ್ಕೆ ಎಂಟು ಸೆಂಟಿಮೀಟರಿನಷ್ಟು ಪಶ್ಚಿಮಕ್ಕೆ ತಳ್ಳುತ್ತಾ ಬರುತ್ತದೆ, ಅದರ ಮೇಲೆ ಫಿಲಿಪೀನ್ ಸಮುದ್ರದ ಫಲಕ. ಹೀಗೆ ಪದೇಪದೇ ಆಗುವ ಜಾಗಕ್ಕೆ ಅವರು "ಭೂಕಂಪದ ಗೂಡು" ಅನ್ನುತ್ತಾರೆ. ಹಕ್ಕಿ ಗೂಡಿನ ಗೂಡೇ. ವಕಾಯಾಮ ಅನ್ನುವ ಊರಿನಡಿ ಇನ್ನೊಂದು ಗೂಡಿದೆ. ಅಲ್ಲಿಯವು ಸಣ್ಣವು, ಆದರೆ ಹೆಚ್ಚು ಆಳವಿಲ್ಲದೆ ನೆಲದ ಮೇಲ್ಪದರದಲ್ಲೇ ಆಗುತ್ತವೆ. ಎಣಿಸಲು ಹೊತ್ತೇ ಸಿಗುವುದಿಲ್ಲ. ಒಂದು ಗುದ್ದು, ಮುಗಿಯಿತು.

ಇಷ್ಟು ಹೊತ್ತು ಎಲ್ಲ ಸುಸೂತ್ರ. ಈಗ ಸುಸೂತ್ರ ಅಲ್ಲದ್ದು.

1965ರ ಆಗಸ್ಟಿನಲ್ಲಿ ನಗಾನೊ ಪ್ರಾಂತದ ಮತ್ಸುಶಿರೊ ಅನ್ನುವ ಸಣ್ಣ ಊರಿನಲ್ಲಿ ನೆಲ ಮೆಲ್ಲಗೆ ನಡುಗಲು ಶುರುವಾಯಿತು. ದೊಡ್ಡದು ಯಾವುದೂ ಇಲ್ಲ. ಸುಮ್ನೆ ಸಣ್ಣವು, ಒಂದರ ಹಿಂದೆ ಒಂದು. ಒಮೊರಿ ಹೇಳಿದ ಹಾಗೆ ಇಳಿಯಲಿಲ್ಲ, ಏರುತ್ತಾ ಹೋದವು. 1966ರ ಏಪ್ರಿಲ್ 17ರಂದು ಒಂದೇ ದಿನ ಜನರಿಗೆ ಗೊತ್ತಾದವು 585. ಎರಡೂವರೆ ನಿಮಿಷಕ್ಕೊಂದು. ಸಾರು ಬಡಿಸಿ ಉಣ್ಣುವುದರೊಳಗೆ ನಾಲ್ಕೈದು ಸಲ. ಹೀಗೆ ಐದು ವರ್ಷ. ಒಟ್ಟು 62 ಸಾವಿರಕ್ಕೂ ಹೆಚ್ಚು ಅನುಭವಕ್ಕೆ ಬಂದವು. ಸರ್ಕಾರದವರು ಬಂದು ಏನು ಬೇಕು ಅಂತ ಕೇಳಿದಾಗ ಆ ಊರಿನ ಮೇಯರ್, ನಮಗೆ ದುಡ್ಡೂ ಬೇಡ ಸಾಮಾನೂ ಬೇಡ, ವಿದ್ಯೆ ಬೇಕು ಅಂದರಂತೆ. ಇದು ಏನು, ಎಲ್ಲಿಗೆ ಹೋಗಿ ನಿಲ್ಲುತ್ತದೆ, ಅದನ್ನು ಹೇಳಿ ಅಂತ.

ಹೇಳುವವರು ಅಲ್ಲೇ ಇದ್ದರು. ಯುದ್ಧದ ಕೊನೆಯಲ್ಲಿ ರಾಜಧಾನಿಯನ್ನು ಸಾಗಿಸಲು ಅಂತ ಅದೇ ಊರಿನ ಗುಡ್ಡಗಳಲ್ಲಿ ಸುರಂಗ ತೋಡಿದ್ದರು. ಅದರಲ್ಲೊಂದು ಭಾಗದಲ್ಲಿ 1947ರಿಂದ ಭೂಕಂಪ ವೀಕ್ಷಣಾಲಯ ಇತ್ತು. ಉಪಕರಣಗಳ ಕಾಲ ಬುಡದಲ್ಲೇ ಭೂಕಂಪ. 1966ರಲ್ಲಿ ನೆಲದಿಂದ ನೀರು ಉಕ್ಕಿ ಹರಿಯಿತು, ಗುಡ್ಡದ ಪಕ್ಕ ಕುಸಿಯಿತು. ಆಳದ ನೀರು ಒತ್ತಡದಿಂದ ಬಿರುಕುಗಳೊಳಗೆ ನುಗ್ಗಿ ಬಂಡೆಗಳನ್ನು ಜಾರಿಸುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ಅಷ್ಟೆಲ್ಲ ಆದರೂ ಅಲ್ಲಿ ಆದ ಅತಿ ದೊಡ್ಡದು ಮ್ಯಾಗ್ನಿಟ್ಯೂಡ್ 5.4. ಒಂದು ದಿನ ಹಾಗೇ ತಣ್ಣಗಾಯಿತು.

ಈಗ ಇನ್ನೊಂದು ಊರು. ಜಪಾನ್ ಸಮುದ್ರದ ಕಡೆಗೆ ಹೆಬ್ಬೆರಳಿನ ಹಾಗೆ ಚಾಚಿದ ನೊತೊ ಪರ್ಯಾಯದ್ವೀಪ. 2020ರ ಡಿಸೆಂಬರಿನಿಂದ ಅದರ ತುದಿಯಲ್ಲಿ ಸಣ್ಣ ಕಂಪನಗಳು ಜಾಸ್ತಿಯಾದವು. ಇಲ್ಲೂ ಆಳದಿಂದ ನೀರಿನಂಥ ದ್ರವ ಏರುತ್ತಿದೆ ಅಂತ ಹಲವು ವಿಜ್ಞಾನಿಗಳು ಹೇಳಿದರು. ಮೂರು ವರ್ಷದಲ್ಲಿ ಐನೂರರಷ್ಟು ಅನುಭವಕ್ಕೆ ಬಂದವು. ಮತ್ಸುಶಿರೊ ಮುಂದೆ ಇದು ಏನೇನೂ ಅಲ್ಲ. 2023ರ ಮೇ 5ರಂದು 6.5ರದು ಒಂದು ಬಂತು. ಇದೇ ದೊಡ್ಡದು, ಇನ್ನು ಇಳಿಯುತ್ತದೆ ಅಂತ ಜನ ಮನೆ ರಿಪೇರಿ ಮಾಡಿಕೊಂಡರು. 2024ರ ಜನವರಿ 1, ಹೊಸ ವರ್ಷದ ಹಬ್ಬ. ಊರು ಬಿಟ್ಟ ಮಕ್ಕಳೆಲ್ಲ ಮನೆಗೆ ಬಂದಿದ್ದರು. ಸಂಜೆ 4:06ಕ್ಕೆ ಒಂದು ಬಂತು, ಮ್ಯಾಗ್ನಿಟ್ಯೂಡ್ 5.5. ನಾಲ್ಕೇ ನಿಮಿಷ. 4:10ಕ್ಕೆ 7.6. ಮನೆಗಳಡಿ ಸಿಕ್ಕಿ ಸತ್ತವರೇ ಬಹಳ. ನೇರವಾಗಿ ಸತ್ತವರು ಇನ್ನೂರಕ್ಕೂ ಹೆಚ್ಚು. ಕರಾವಳಿಯ ನೆಲ ಕೆಲವು ಕಡೆ ನಾಲ್ಕು ಮೀಟರ್ ಮೇಲೆದ್ದು ಬಂದರಿನ ತಳ ಒಣಗಿತು.

ಈ ಎರಡೂ ಊರುಗಳ ಮೊದಲ ಆರು ತಿಂಗಳ ಪಟ್ಟಿಯನ್ನು ಹೆಸರು ಮುಚ್ಚಿ ನನ್ನ ಕೈಗೆ ಕೊಟ್ಟಿದ್ದರೆ, ಯಾವುದು ಹೆದರಬೇಕಾದ್ದು ಅಂದರೆ ನಾನು ಮತ್ಸುಶಿರೊ ಕಡೆಗೇ ಬೆರಳು ತೋರಿಸುತ್ತಿದ್ದೆ.

ಕುಮಮೊತೊದಲ್ಲಿ ಆದದ್ದು ಇನ್ನೂ ಕಹಿ. 2016ರ ಏಪ್ರಿಲ್ 14ರ ರಾತ್ರಿ ಮಶಿಕಿ ಅನ್ನುವ ಪಟ್ಟಣದಲ್ಲಿ ಶಿಂದೋ ಏಳು. ಮ್ಯಾಗ್ನಿಟ್ಯೂಡ್ 6.5. ಇನ್ನು ಬರುವುದು ಅದರ ಬಾಲ, ಅಂದರೆ ಚಿಕ್ಕವು, ಅಂತ ರೂಢಿಯ ಲೆಕ್ಕ. ಜನ ಬಟ್ಟೆಬರೆ ತರಲು, ಮಲಗಲು ಮನೆಯೊಳಗೆ ಹೋದರು. 28 ಗಂಟೆ ಆದ ಮೇಲೆ, ನಡುರಾತ್ರಿ ದಾಟಿ 1:25ಕ್ಕೆ, 7.3ರದು ಬಂತು. ಅದೇ ಮಶಿಕಿಯಲ್ಲಿ ಮತ್ತೆ ಏಳು. ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ಎರಡನೆಯದರಲ್ಲಿ. ಆಮೇಲೆ ಹವಾಮಾನ ಇಲಾಖೆ ಒಂದು ಶಬ್ದವನ್ನೇ ಕೈಬಿಟ್ಟಿತು. ದೊಡ್ಡ ಭೂಕಂಪದ ಬೆನ್ನಿಗೆ ಜನರಿಗೆ ಹೇಳುವಾಗ "ಪಶ್ಚಾತ್ ಕಂಪನ" ಅನ್ನುವ ಅರ್ಥದ ಮಾತು ಈಗ ಬಳಸುವುದಿಲ್ಲ. ಇಷ್ಟೇ ಜೋರಿನದು ಇನ್ನೊಂದು ವಾರ ಬರಬಹುದು ಅಂತ ಹೇಳುತ್ತಾರೆ. ಒಂದು ಶಬ್ದ ಕೇಳಿ ಮನುಷ್ಯ ಮನೆಯೊಳಗೆ ಹೋಗಿ ಮಲಗಬಹುದು, ನೋಡಿ.

2025ರಲ್ಲಿ ತೊಕಾರಾ ದ್ವೀಪಗಳದ್ದು ನೀವೂ ಸುದ್ದಿಯಲ್ಲಿ ನೋಡಿರಬಹುದು. ಜೂನ್ 21ರಿಂದ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಅನುಭವಕ್ಕೆ ಬಂದವು. ಜುಲೈ 3ರಂದು ಅಕುಸೆಕಿ ದ್ವೀಪದಲ್ಲಿ ಶಿಂದೋ ಕೆಳ ಆರು. ಬೆರಳೆಣಿಕೆಯ ಮನೆಗಳಿರುವ ದ್ವೀಪ ಅದು, ಹಲವರು ದೋಣಿಯಲ್ಲಿ ಕಾಗೊಶಿಮಾಗೆ ಹೋದರು. ಅದೇ ಜುಲೈನಲ್ಲಿ ಮಹಾ ದುರಂತ ಆಗುತ್ತದೆ ಅನ್ನುವ ಗಾಳಿಸುದ್ದಿ ಬೇರೆ ಹಬ್ಬಿತ್ತು. ಅದು ಸುಳ್ಳು ಅಂತ ಹವಾಮಾನ ಇಲಾಖೆಯ ಮುಖ್ಯಸ್ಥರೇ ಹೇಳಬೇಕಾಯಿತು. ಆ ವರ್ಷದ ದೇಶದ ಒಟ್ಟು ಲೆಕ್ಕ ಜಿಗಿಯಿತು. ಜಿಗಿಸಿದ್ದು ಒಂದು ಚುಕ್ಕಿಯಷ್ಟು ಜಾಗ.

ದೂರ ಇದ್ದರೆ ಕಮ್ಮಿ, ಹತ್ತಿರ ಇದ್ದರೆ ಜಾಸ್ತಿ. ಇದಾದರೂ ನಿಜ ತಾನೇ? ಬಹಳ ಸಲ ನಿಜ. 2015ರ ಮೇ 30, ಶನಿವಾರ ರಾತ್ರಿ ಎಂಟೂವರೆ ಹತ್ತಿರ ಒಂದು ಭೂಕಂಪ ಆಯಿತು. ಟೋಕಿಯೊದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಆಚೆ, ಒಗಸವಾರಾ ದ್ವೀಪಗಳ ಹತ್ತಿರ. ಆಳ 682 ಕಿಲೋಮೀಟರ್. ಮ್ಯಾಗ್ನಿಟ್ಯೂಡ್ 8.1. ಆ ಒಂದು ಭೂಕಂಪ ಜಪಾನಿನ 47 ಪ್ರಾಂತಗಳಲ್ಲೂ ಗೊತ್ತಾಯಿತು. ದಾಖಲೆ ಶುರುವಾದ ಮೇಲೆ ಹಾಗೆ ಆದದ್ದು ಅದೇ ಮೊದಲು. ಟೋಕಿಯೊ ಸುತ್ತ ಸಾವಿರಾರು ಲಿಫ್ಟ್ ನಿಂತವು. ನಮ್ಮ ಕಟ್ಟಡದಲ್ಲಿ ಹತ್ತನೇ ಮಹಡಿಯವರೂ ಮೆಟ್ಟಿಲು ಹತ್ತಿದರು. ಟೋಕಿಯೊ ಹತ್ತಿರದ ನಿನೊಮಿಯಾದಲ್ಲಿ ಶಿಂದೋ ಮೇಲು ಐದು. ಎಷ್ಟೋ ಹತ್ತಿರದ ಜಾಗಗಳಲ್ಲಿ ಇದಕ್ಕಿಂತ ಕಮ್ಮಿ. ಯಾಕೆ? ಒಳಗೆ ಜಾರಿ ಹೋಗಿರುವ ಪೆಸಿಫಿಕ್ ಫಲಕ ತಣ್ಣಗಿನ ಗಟ್ಟಿ ಹಲಗೆ. ರೈಲು ಹಳಿಗೆ ಕಿವಿ ಇಟ್ಟರೆ ದೂರದ ರೈಲು ಕೇಳುತ್ತದಲ್ಲ, ಹಾಗೆ ಕಂಪನ ಆ ಹಲಗೆಯ ಉದ್ದಕ್ಕೂ ಬಂದು ಪೂರ್ವ ತೀರದಲ್ಲಿ ಎದ್ದಿತು.

ಕಟ್ಟಡದ ಎತ್ತರವೂ ಆಟ ಆಡುತ್ತದೆ. 2011ರ ಭೂಕಂಪ ಆದ ಜಾಗದಿಂದ ಒಸಾಕಾ 700 ಕಿಲೋಮೀಟರಿಗೂ ದೂರ. ಅಲ್ಲಿ ನೆಲದ ಮೇಲೆ ಶಿಂದೋ ಮೂರು. ಅಂದರೆ ತಟ್ಟೆ ಲೋಟದ ಸದ್ದು, ಅಷ್ಟೇ. ಆದರೆ ಸಮುದ್ರ ದಂಡೆಯ 55 ಮಹಡಿಯ ಸರ್ಕಾರಿ ಕಟ್ಟಡ ಸುಮಾರು ಹತ್ತು ನಿಮಿಷ ತೂಗಾಡಿತು. ತುದಿ ಆ ಕಡೆ ಒಂದು ಮೀಟರಿಗೂ ಜಾಸ್ತಿ, ಈ ಕಡೆ ಒಂದು ಮೀಟರಿಗೂ ಜಾಸ್ತಿ. ನಿಧಾನದ ಅಲೆ, ಕಟ್ಟಡದ ತೂಗಾಟಕ್ಕೆ ಸರಿಯಾಗಿ ತಾಳ ಕೂಡಿತು. ಉಯ್ಯಾಲೆಯನ್ನು ಸಮಯ ನೋಡಿ ತಳ್ಳಿದ ಹಾಗೆ. ಕೆಳಗೆ ರಸ್ತೆಯಲ್ಲಿ ನಿಂತವನನ್ನು "ಎಷ್ಟಿತ್ತು?" ಅಂತ ಕೇಳಿದರೆ ಮೂರು ಅನ್ನುತ್ತಾನೆ. ಮೇಲಿನವನಿಗೆ ಸಂಖ್ಯೆಯೇ ಇರಲಿಲ್ಲ. ಈಗ ಎತ್ತರದ ಕಟ್ಟಡಗಳಿಗಾಗಿ ಬೇರೆಯೇ ನಾಲ್ಕು ಮೆಟ್ಟಿಲಿನ ಅಳತೆ ಇದೆ, 2023ರಿಂದ ಮುನ್ನೆಚ್ಚರಿಕೆಯಲ್ಲೂ ಅದನ್ನು ಸೇರಿಸಿದ್ದಾರೆ.

ಕೊನೆಗೆ, ನಾನು ತುಂಬಾ ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದ ಒಂದು ಪಟ್ಟಿ. ಶಿಂದೋ ಏಳು ಇದುವರೆಗೆ ಕೆಲವೇ ಸಲ ದಾಖಲಾಗಿದೆ. ಅದು ಯಾವಾಗ ಗೊತ್ತಾಯಿತು ಅಂತ ನೋಡುತ್ತಾ ಹೋಗಿ.

1995, ಕೋಬೆ. ಮೊದಲು ಹೇಳಿದ್ದು ಆರು. ಏಳು ಅಂತ ತೀರ್ಮಾನ ಆದದ್ದು ಜನ ಹೋಗಿ ಬಿದ್ದ ಮನೆಗಳನ್ನು ಲೆಕ್ಕ ಹಾಕಿದ ಮೇಲೆ. 2004, ನೀಗಾತಾದ ಕವಾಗುಚಿ. ಯಂತ್ರ ಏಳು ಅಂತ ಅಳೆದಿತ್ತು. ಆದರೆ ಸಂಪರ್ಕ ಕಡಿದುಹೋಗಿ ಆ ಸಂಖ್ಯೆ ಅಲ್ಲೇ ಪೆಟ್ಟಿಗೆಯಲ್ಲಿ ಕೂತಿತ್ತು. ಹೊರಗೆ ಬಂದದ್ದು ಒಂದು ವಾರದ ನಂತರ. 2016, ಮಶಿಕಿಯ ಎರಡನೆಯ ಏಳು. ಕೆಲವು ದಿನ ತಡ. 2018, ಹೊಕ್ಕೈಡೊದ ಅತ್ಸುಮಾ. ಭೂಕಂಪ ಬೆಳಗಿನ ಜಾವ, ಏಳು ಅಂತ ಗೊತ್ತಾದದ್ದು ಮಧ್ಯಾಹ್ನ. 2024, ನೊತೊ. ಶಿಕಾ ಪಟ್ಟಣದ್ದು ಬೇಗ ಬಂತು. ವಾಜಿಮಾದ ಏಳು ಸೇರಿದ್ದು ಜನವರಿ 25ಕ್ಕೆ.

ಸುದ್ದಿಯ ನಕ್ಷೆಯಲ್ಲಿ ಸುತ್ತ ಆರು, ಐದು, ನಾಲ್ಕು ಅಂತ ಬಣ್ಣ ತುಂಬಿರುತ್ತದೆ. ನಡುವೆ ಒಂದು ಊರು ಖಾಲಿ. ಟಿವಿ ನೋಡುವವನಿಗೆ ಅಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ. ಈಗ ಅಲ್ಲಿ ರಕ್ಷಣಾ ಕೆಲಸದವರಿಗೆ ಇದು ಗೊತ್ತು. ಸಂಖ್ಯೆ ಬಾರದ ಊರಿನ ಕಡೆಗೇ ಮೊದಲು ಕಣ್ಣು. ಅಂಥ ಕಡೆ ಕೆಳ ಐದಾದರೂ ಇರಬಹುದು ಅಂತ ಅಂದಾಜಿದ್ದರೆ ಇಲಾಖೆಯೂ "ಇಂತಿಂಥ ಊರಿನಿಂದ ಅಂಕಿ ಬಂದಿಲ್ಲ" ಅಂತ ಹೆಸರು ಓದಿ ಹೇಳುತ್ತದೆ. ಬಂದ ಅಂಕಿಗಳಷ್ಟೇ ಗಟ್ಟಿಯಾಗಿ ಬಾರದ ಅಂಕಿಯನ್ನೂ ಓದುತ್ತಾರೆ.

ಮಾತು ಇಲ್ಲಿಗೆ ಮುಗಿಸಿದೆ. ಪ್ರಶ್ನೆಗಳು ಬಂದವು. ನಾಯಿಗೆ ಮೊದಲೇ ಗೊತ್ತಾಗುತ್ತದಾ ಅಂತ ಮಾಮೂಲಿನಂತೆ ಒಬ್ಬರು ಕೇಳಿದರು. (ಪಿ ಅಲೆ ನಮಗಿಂತ ಬೇಗ ಗೊತ್ತಾಗಬಹುದು, ಅಂದರೆ ಕೆಲವು ಸೆಕೆಂಡು. ಹಿಂದಿನ ದಿನ ಅಲ್ಲ.) ಹಿಂದಿನ ಸಾಲಿನಲ್ಲಿ ಒಬ್ಬ ಅಮ್ಮ ಎದ್ದು ನಿಂತರು. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಹತ್ತಿರದವರು. 2021ರ ಅಕ್ಟೋಬರಿನಲ್ಲಿ ಅಲ್ಲಿ ಮೇಲಿಂದ ಮೇಲೆ ಸಣ್ಣ ಭೂಕಂಪಗಳಾಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದು ನಿಮಗೆ ನೆನಪಿರಬಹುದು.

"ನಮ್ಮೂರಾಗ ನೆಲದಾಗಿಂದ ಢಂ ಅಂತ ಸಪ್ಪಳ ಬರ್ತಿತ್ರಿ. ಪೇಪರಿನ್ಯಾಗ ನಾಕು ಚಿಲ್ಲರ ಅಂತ ಬರೆದಿದ್ರು. ಅದು ನೀವು ಹೇಳೂ ನಾಕೋ, ಬ್ಯಾರೆ ನಾಕೋ?"

ಬೇರೆ ನಾಕು ಅಮ್ಮಾ, ಅದು ಡೊಳ್ಳು ಬಡಿದವನ ಕೈಬಲ, ಅಂದೆ. ಸದ್ದು ಯಾಕೆ ಅಂತಲೂ ಹೇಳಿದೆ. ವಕಾಯಾಮದ ಹಾಗೆ ಮೇಲ್ಪದರದಲ್ಲೇ ಆದರೆ ಕಿವಿಗೂ ಕೇಳುತ್ತದೆ. ಆಮೇಲೆ ಕೇಳಿದೆ, ನಿಮ್ಮ ಮನೆಯಲ್ಲಿ ಏನಾಯಿತು?

"ಅಡಗಿ ಮನ್ಯಾಗ ಮ್ಯಾಲ ಇಟ್ಟ ಡಬ್ಬಿ ಕೆಳಗ ಬಿದ್ದಾವ್ರಿ. ನಾವೆಲ್ಲಾ ಅಂಜಿ ಹೊರಗ ಓಡಿ ಬಂದ್ವಿ."

"ಓಡಲಿಕ್ಕೆ ಆಯ್ತಾ? ಗೋಡೆ ಹಿಡಿದುಕೊಳ್ಳದೆ?"

"ಹೂಂ ಮತ್ತ. ಓಡಿ ಬಂದ್ವಿ."

"ಹಾಗಾದರೆ ನಿಮ್ಮ ಕಡೆ ಇದೂ ನಾಕೇ."

ಪಕ್ಕದಲ್ಲಿ ಕೂತಿದ್ದ ಅವರ ಮಗಳು ಅಂದಳು: "ಏ ಅವ್ವಾ, ಡಬ್ಬಿ ಅಷ್ಟ ಅಲ್ಲ, ಗ್ವಾಡಿನೂ ಬಿಟ್ಟಿತ್ತಲ್ಲ. ಐದು ಅನ್ನು."